ನನ್ನಿಂದ ನನಗೆ, ಸೂಕ್ತ ಮಾರ್ಗದಲ್ಲಿ

ನಮ್ಮ ಸರ್ಕಾರಿ ಪ್ರೌಢಶಾಲೆಗೆ ಸ್ವಾಯತ್ತತೆ ಬಂದದ್ದು ಒಂದು ಸೋಮವಾರ, ಎರಡನೇ ಪೀರಿಯಡ್ಡಿನಲ್ಲಿ, ಸಾದಾ ಅಂಚೆಯಲ್ಲಿ. ಅಷ್ಟು ದೊಡ್ಡ ವಸ್ತುವನ್ನು ರಿಜಿಸ್ಟರ್ಡ್ ಮಾಡಿ ಕಳಿಸಬೇಕಿತ್ತು ಎಂದು ನಾನು ಈಗಲೂ ಹೇಳುತ್ತೇನೆ. ಲಕೋಟೆ ಒಡೆದು ನೋಡಿದರೆ ಒಂದೇ ಹಾಳೆ. ಇನ್ನು ಮುಂದೆ ಶಿಕ್ಷಕರ ನೇಮಕ, ದುರಸ್ತಿ, ಖರೀದಿ ಮೊದಲಾದ ಎಲ್ಲ ವಿಷಯಗಳಲ್ಲೂ ಶಾಲೆಯ ಮುಖ್ಯಸ್ಥರೇ ನಿರ್ಧಾರ ಕೈಗೊಳ್ಳತಕ್ಕದ್ದು. ಬೇಕಾದ ಅನುದಾನವನ್ನು ನೇರವಾಗಿ ಶಾಲೆಗೇ ಕೊಡಲಾಗಿದೆ. ಮೇಲಿನ ಕಚೇರಿಯ ಅನುಮತಿಗೆ ಕಾಯತಕ್ಕದ್ದಲ್ಲ. ಮೂರು ಸಲ ಓದಿದೆ. ಮೂರನೇ ಸಲಕ್ಕೆ ಕನ್ನಡಕ ತೆಗೆದು ಒರೆಸಿಕೊಂಡು ಓದಿದೆ.

ನಾನು ಆ ಶಾಲೆಯ ಪ್ರಭಾರ ಮುಖ್ಯೋಪಾಧ್ಯಾಯ. ಎಂದರೆ, ಖಾಯಂ ಮುಖ್ಯೋಪಾಧ್ಯಾಯರು ಬರುವವರೆಗೆ ಕುರ್ಚಿ ನೋಡಿಕೊಳ್ಳಲು ಹೇಳಲ್ಪಟ್ಟ ಸಮಾಜ ವಿಜ್ಞಾನದ ಮೇಷ್ಟ್ರು. ನೋಡಿಕೊಳ್ಳುತ್ತ ಒಂಬತ್ತು ವರ್ಷವಾಗಿತ್ತು. ಈ ಒಂಬತ್ತು ವರ್ಷದಲ್ಲಿ ನಾನು ಸೀಮೆಸುಣ್ಣದ ಒಂದು ಡಬ್ಬವನ್ನೂ ಅಪ್ಪಣೆಯಿಲ್ಲದೆ ಒಡೆದವನಲ್ಲ. ಎಂಟನೇ ತರಗತಿಯ ಕಿಟಕಿಗೆ ಗಾಜು ಬೇಕೆಂದು ಒಮ್ಮೆ ಬರೆದಿದ್ದೆ. ನಾಲ್ಕು ವರ್ಷದ ಮೇಲೆ ಗಾಜು ಮಂಜೂರಾಗಿ ಬಂತು. ಅಷ್ಟರಲ್ಲಿ ಗೆದ್ದಲು ಹಿಡಿದು ಕಿಟಕಿಯೇ ಹೋಗಿತ್ತು. ಗಾಜನ್ನು ಜೋಪಾನವಾಗಿ ಬೀರುವಿನಲ್ಲಿಟ್ಟು, ಕಿಟಕಿಗೆ ಬರೆದು ಹಾಕಿದ್ದೆ.

ಮಧ್ಯಾಹ್ನ ಸ್ಟಾಫ್ ರೂಮಿನಲ್ಲಿ ಆದೇಶವನ್ನು ಎಲ್ಲರಿಗೂ ಗಟ್ಟಿಯಾಗಿ ಓದಿ ಹೇಳಿದೆ.

"ಅಂದ್ರೆ ಇನ್ಮೇಲೆ ಆಫೀಸನ್ನ ಬೈಯೋ ಹಾಗಿಲ್ವಾ ಸಾರ್?" ಎಂದರು ಡ್ರಿಲ್ ಮೇಷ್ಟ್ರು. ಅವರು ಒಂದು ವಾಲಿಬಾಲಿಗಾಗಿ ಆರು ವರ್ಷದಿಂದ ಮೇಲಿನ ಕಚೇರಿಗೆ ದೂರು ಬರೆಯುತ್ತ ಬಂದವರು. ಆ ಅಭ್ಯಾಸ ತಪ್ಪುತ್ತದಲ್ಲ ಎಂದು ಅವರ ಮುಖ ಸಣ್ಣದಾಗಿತ್ತು.

"ಸಾರ್, ಗಂಟೆ ಹೊಡೆಯೋದಕ್ಕಾದ್ರೂ ಹಳೇ ಟೈಮೇ ತಾನೇ?" ಎಂದ ಜವಾನ. ಮೂವತ್ತು ವರ್ಷ ಗಂಟೆ ಬಾರಿಸಿ ಅವನ ಹೆಸರೇ ಗಂಟೆಯಣ್ಣ ಎಂದಾಗಿತ್ತು.

ಎಲ್ಲರೂ ಹೋದ ಮೇಲೆ ಗಣಿತದ ಮೇಡಂ ಉಳಿದರು. ಅವರ ವಿಷಯ ಇಲ್ಲಿ ಹೇಳಲೇಬೇಕು. ಅವರು ಬರುವ ಮುಂಚೆ ಎರಡು ವರ್ಷ ನಮ್ಮಲ್ಲಿ ಗಣಿತಕ್ಕೆ ಯಾರೂ ಇರಲಿಲ್ಲ. ಆ ಪೀರಿಯಡ್ಡಿಗೆ ನಾನು ಹೋಗಿ ಸಮಾಜ ವಿಜ್ಞಾನವನ್ನೇ ಇನ್ನೊಂದು ಸಲ ಮಾಡುತ್ತಿದ್ದೆ. ಅದರ ಫಲವಾಗಿ ನಮ್ಮ ಮಕ್ಕಳಿಗೆ ಪ್ರಪಂಚದ ನದಿಗಳೆಲ್ಲ ಬಾಯಿಪಾಠ, ಹತ್ತನೇ ತರಗತಿಯ ಗಣಿತದಲ್ಲಿ ಅರ್ಧಕ್ಕರ್ಧ ಡುಮ್ಕಿ. ಹಾಗೆ ಡುಮ್ಕಿಯಾದವರಲ್ಲಿ ಎಷ್ಟೋ ಹೆಣ್ಣುಮಕ್ಕಳು ಮತ್ತೆ ಶಾಲೆಯ ಕಡೆ ತಲೆಹಾಕಲಿಲ್ಲ. ಮೇಡಂ ತಾತ್ಕಾಲಿಕವಾಗಿ ಬಂದರು. ಬಂದ ತಿಂಗಳಿಗೆ ಗಂಟೆ ಹೊಡೆದರೂ ಮಕ್ಕಳು ತರಗತಿಯಿಂದ ಏಳದಂತಾಯಿತು. ಮೊದಲ ದಿನ ಗಂಟೆಯಣ್ಣ ಸದ್ದು ಕೇಳಿಸಲಿಲ್ಲವೇನೋ ಎಂದು ಎರಡನೇ ಸಲ ಬಾರಿಸಿದ.

"ಸರ್, ಬರೋ ಶನಿವಾರ ಬಿಟ್ಟು ಅದರ ಮುಂದಿನ ಶನಿವಾರಕ್ಕೆ ನನ್ನ ಅವಧಿ ಮುಗಿಯುತ್ತೆ," ಎಂದರು ಮೇಡಂ. "ಆಚೆ ರಸ್ತೆಯ ಖಾಸಗಿ ಶಾಲೆಯವರು ಕರೀತಿದ್ದಾರೆ. ಅವತ್ತೇ ಅವರಿಗೆ ಒಂದು ಮಾತು ಹೇಳ್ಬೇಕು. ಆದ್ರೆ ಈ ಮಕ್ಕಳನ್ನ ಪರೀಕ್ಷೆ ದಾಟಿಸಿಬಿಡೋಣ ಅಂತ ನನಗಾಸೆ. ಈಗ ನಿಮಗೇ ಅಧಿಕಾರ ಬಂದಿದೆಯಲ್ಲ. ನೀವೊಂದು ನೇಮಕದ ಕಾಗದ ಕೊಟ್ರೆ, ಅವರಿಗೆ ಬರಲ್ಲ ಅಂದುಬಿಡ್ತೀನಿ."

"ಹನ್ನೆರಡು ದಿನ ಇದೆ. ಧಾರಾಳ ಆಯ್ತಮ್ಮ. ಆದ ಹಾಗೇ ಅಂತ ತಿಳ್ಕೊಳ್ಳಿ."

ಆ ಮಾತನ್ನು ನಾನು ಮನಸಾರೆ ಆಡಿದೆ. ಮುಂದೆ ಊರಲ್ಲಿ ಯಾರು ಏನೇ ಅಂದಿರಲಿ, ಆ ಮಾತಿನಲ್ಲಿ ಕಪಟ ಇರಲಿಲ್ಲ.

ಕೂಡಲೇ ಕೋಣೆಗೆ ಹೋಗಿ ಬಿಳಿ ಹಾಳೆ ತೆಗೆದೆ. ಮೇಲೆ ಶಾಲೆಯ ಮೊಹರು ಒತ್ತಿದೆ. 'ವಿಷಯ: ಗಣಿತ ಶಿಕ್ಷಕಿಯ ನೇಮಕ' ಎಂದು ಬರೆದೆ. ಅದರ ಕೆಳಗೆ 'ಉಲ್ಲೇಖ' ಎಂದು ಬರೆದು, ಎರಡು ಚುಕ್ಕಿ ಇಟ್ಟು, ಅಲ್ಲೇ ನಿಂತುಬಿಟ್ಟೆ.

ಕಚೇರಿಯ ಕಾಗದ ನೋಡಿದವರಿಗೆ ನನ್ನ ಸಂಕಟ ಗೊತ್ತಾಗುತ್ತದೆ. ಯಾವ ಆದೇಶವೂ ತಾನಾಗಿ ಹುಟ್ಟುವುದಿಲ್ಲ. ಯಾರೋ ಕೇಳಿರಬೇಕು. ಯಾರು ಕೇಳಿದ್ದರು, ಯಾವ ದಿನಾಂಕದ ಯಾವ ಪತ್ರದಲ್ಲಿ ಕೇಳಿದ್ದರು ಎಂಬುದನ್ನು ಆ ಎರಡು ಚುಕ್ಕಿಯ ಮುಂದೆ ಬರೆಯಬೇಕು. ಉಲ್ಲೇಖವಿಲ್ಲದ ಆದೇಶವನ್ನು ನನ್ನ ಇಪ್ಪತ್ತೆಂಟು ವರ್ಷದ ಸೇವೆಯಲ್ಲಿ ನಾನು ಕಂಡಿಲ್ಲ. ಇಷ್ಟು ದಿನ ಮುಖ್ಯೋಪಾಧ್ಯಾಯ ಕೇಳುತ್ತಿದ್ದ, ಕಚೇರಿ ಕೊಡುತ್ತಿತ್ತು, ಅಥವಾ ಕೊಡುತ್ತಿರಲಿಲ್ಲ. ಈಗ ಕೊಡುವವನು ಮುಖ್ಯೋಪಾಧ್ಯಾಯ. ಹಾಗಾದರೆ ಕೇಳುವವರು ಯಾರು? ಸಂಜೆಯವರೆಗೆ ಕೂತು ಯೋಚಿಸಿದರೂ ಹೊಳೆಯಲಿಲ್ಲ. ಹಾಳೆಯನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡು ಮನೆಗೆ ಹೋದೆ.

ಮನೆಯಲ್ಲಿ ನನ್ನ ಭಾವ ಬಂದು ಕೂತಿದ್ದರು. ಭಾವ ಎಂದರೆ ನನ್ನಾಕೆಯ ಅಣ್ಣ, ನಿವೃತ್ತ ಸೂಪರಿಂಟೆಂಡೆಂಟು. ಮೂವತ್ಮೂರು ವರ್ಷದಲ್ಲಿ ಅವರ ಮೇಜಿನಿಂದ ಒಂದು ಕಡತವೂ ಮೊದಲನೇ ಸಲಕ್ಕೆ ಮುಂದೆ ಹೋದದ್ದಿಲ್ಲ ಎಂಬ ಖ್ಯಾತಿ ಅವರದು. ನನ್ನ ಹಾಳೆಯನ್ನು ದೂರ ಹಿಡಿದು, ಹತ್ತಿರ ಹಿಡಿದು, ಹಿಂದೆ ತಿರುಗಿಸಿ ನೋಡಿದರು.

"ಕೇಳೋ ಕೈ ಬೇರೆ, ಕೊಡೋ ಕೈ ಬೇರೆ ಇರ್ಬೇಕು," ಎಂದರು ಭಾವ. "ಕೇಳೋದೂ ಕೊಡೋದೂ ಒಂದೇ ಮೇಜಲ್ಲಿ ಆಗಿಬಿಟ್ರೆ ಅದನ್ನ ಆಫೀಸು ಅನ್ನಲ್ಲ, ಅಡುಗೆಮನೆ ಅಂತಾರೆ."

"ಅಡುಗೆಮನೇಲಿ ಕೇಳೋ ಕೈಯೂ ನಂದೇ, ಕೊಡೋ ಕೈಯೂ ನಂದೇ," ಎಂದಳು ನನ್ನಾಕೆ ಒಳಗಿನಿಂದ. "ಅದಕ್ಕೇ ಈ ಮನೇಲಿ ಮೂರು ಹೊತ್ತೂ ಊಟ ಆಗ್ತಿದೆ. ಆ ಹುಡುಗಿಗೆ ಸುಮ್ಮನೆ ಒಂದು ಕಾಗದ ಬರೆದು ಕೊಡ್ಬಾರ್ದೇನ್ರೀ?"

"ನಿನಗೆ ಇದೆಲ್ಲ ಗೊತ್ತಾಗಲ್ಲ ಸುಮ್ನಿರು," ಎಂದೆವು ನಾನೂ ಭಾವನೂ ಒಟ್ಟಿಗೆ.

ದಾರಿ ಹೊಳೆದದ್ದು ಊಟದ ಮಧ್ಯೆ. ಆದೇಶದಲ್ಲಿ ಕೇಳುವ ಅಧಿಕಾರವನ್ನು ಪ್ರಭಾರ ಮುಖ್ಯೋಪಾಧ್ಯಾಯನಿಂದ ಯಾರೂ ಕಿತ್ತುಕೊಂಡಿರಲಿಲ್ಲ. ಕೊಡುವ ಅಧಿಕಾರವನ್ನು ಶಾಲೆಯ ಮುಖ್ಯಸ್ಥರಿಗೆ ಕೊಟ್ಟಿದ್ದರು. ಆದ್ದರಿಂದ ಪ್ರಭಾರ ಮುಖ್ಯೋಪಾಧ್ಯಾಯ ಕೇಳಬೇಕು, ಶಾಲೆಯ ಮುಖ್ಯಸ್ಥ ಕೊಡಬೇಕು. ಆ ಇಬ್ಬರೂ ನಾನೇ ಎಂಬುದು ಕಾಕತಾಳೀಯ. ಭಾವ ಎಡಗೈಯಲ್ಲೇ ನನ್ನ ಬೆನ್ನು ತಟ್ಟಿದರು.

ಮರುದಿನ ಬೆಳಿಗ್ಗೆ ಪ್ರಯೋಗಶಾಲೆಯಿಂದ ಇನ್ನೊಂದು ಮೇಜು ತರಿಸಿದೆ. ಬಾಗಿಲ ಪಕ್ಕದ ಮೇಜು ಕೇಳುವವನದು. ಅದಕ್ಕೆ ಕೈಯಿಲ್ಲದ ಮರದ ಕುರ್ಚಿ. ಫ್ಯಾನಿನ ಕೆಳಗಿನ ಮೇಜು ಕೊಡುವವನದು. ಅದಕ್ಕೆ ಕೈಯಿರುವ ಕುರ್ಚಿ, ಮೇಲೊಂದು ಟವೆಲ್ಲು. ಅಲ್ಲಿಗೆ ಹಸಿರು ಶಾಯಿ, ಇಲ್ಲಿಗೆ ನೀಲಿ. ಎರಡಕ್ಕೂ ಬೇರೆ ಬೇರೆ ಟಪಾಲು ಪುಸ್ತಕ. ಬಾಗಿಲ ಬಳಿ ಕೂತು, 'ಮಾನ್ಯರೇ, ಈ ಮೂಲಕ ತಮ್ಮಲ್ಲಿ ಅರಿಕೆ ಮಾಡಿಕೊಳ್ಳುವುದೇನೆಂದರೆ' ಎಂದು ಶುರುಮಾಡಿ, ಮಕ್ಕಳ ಪರಿಸ್ಥಿತಿಯನ್ನು ಕಲ್ಲೂ ಕರಗುವಂತೆ ಬರೆದು, ಗಂಟೆಯಣ್ಣನನ್ನು ಕರೆದೆ.

"ಇದನ್ನ ಯಾರಿಗೆ ಕೊಡ್ಲಿ ಸಾರ್?"

"ಆ ಮೇಜಿಗೆ."

"ಅಲ್ಲಿ ಯಾರೂ ಇಲ್ವಲ್ಲ ಸಾರ್."

"ಬರ್ತಾರೆ. ನೀನು ತಗೊಂಡು ಹೋಗಿ ನಿಂತಿರು."

ಅವನು ಕಾಗದ ಹಿಡಿದು ನಾಲ್ಕು ಹೆಜ್ಜೆ ನಡೆದು ನಿಂತ. ನಾನು ಎದ್ದು, ಸುತ್ತಿ ಬಂದು, ಕೈಯಿರುವ ಕುರ್ಚಿಯಲ್ಲಿ ಕೂತೆ. ಟಪಾಲು ಪುಸ್ತಕದಲ್ಲಿ ಸಹಿ ಮಾಡಿ ಕಾಗದ ತೆಗೆದುಕೊಂಡೆ. ಗಂಟೆಯಣ್ಣ ನನ್ನನ್ನೂ ಖಾಲಿಯಾದ ಆ ಕುರ್ಚಿಯನ್ನೂ ಒಂದೆರಡು ಸಲ ನೋಡಿ, ಹೊರಗೆ ಹೋಗಿ ಸ್ಟೂಲಿನ ಮೇಲೆ ಕೂತ.

ಕೂಡಲೇ ಮಂಜೂರು ಮಾಡಿಬಿಡಬೇಕೆಂದೇ ನಾನು ಆ ಕುರ್ಚಿಯಲ್ಲಿ ಕೂತದ್ದು. ಆದರೆ ಫ್ಯಾನಿನ ಗಾಳಿ ತಲೆಗೆ ತಾಗಿ, ಕೈಗಳು ಕುರ್ಚಿಯ ಕೈಗಳ ಮೇಲೆ ಹೋದ ಮೇಲೆ, ಕಾಗದ ಓದುತ್ತ ಓದುತ್ತ ನನಗೆ ಸಣ್ಣಗೆ ಅನುಮಾನ ಶುರುವಾಯಿತು. ಈ ಮನುಷ್ಯನಿಗೆ ಇಷ್ಟು ಅವಸರವೇಕೆ? ಗಣಿತದ ಹುದ್ದೆ ಖಾಲಿಯಿದೆ ಎನ್ನುತ್ತಾನೆ, ಖಾಲಿಯಿದೆ ಎಂಬುದಕ್ಕೆ ದೃಢೀಕರಣ ಎಲ್ಲಿದೆ? ಮಕ್ಕಳು ನಲವತ್ಮೂರು ಎನ್ನುತ್ತಾನೆ, ಎಣಿಸಿದವರು ಯಾರು? ಸಲುಗೆ ಕೊಟ್ಟರೆ ಇಂಥವರು ತಲೆ ಮೇಲೆ ಕೂರುತ್ತಾರೆ. ಹಸಿರು ಶಾಯಿಯಲ್ಲಿ 'ಅಗತ್ಯ ದಾಖಲೆಗಳೊಂದಿಗೆ ಮರುಸಲ್ಲಿಸುವುದು' ಎಂದು ಷರಾ ಬರೆದು ವಾಪಸ್ ಕಳಿಸಿದೆ. ಸುಳ್ಳೇಕೆ ಹೇಳಲಿ, ಹಾಗೆ ಬರೆದಾಗ ಬಹಳ ಸುಖವಾಯಿತು.

ಬಾಗಿಲ ಬಳಿಯ ಮೇಜಿಗೆ ಬಂದು ಅದನ್ನು ಓದಿದಾಗ ಅಷ್ಟೇ ಬೇಸರವಾಯಿತು. "ಕೂತಲ್ಲೇ ಕೂತು ಆಕ್ಷೇಪಣೆ ಹಾಕೋದಕ್ಕೇನು, ಇಲ್ಲಿ ಬಂದು ನೋಡಿದ್ರೆ ತಾನೇ ಗೊತ್ತಾಗೋದು," ಎಂದು ಡ್ರಿಲ್ ಮೇಷ್ಟ್ರ ಮುಂದೆ ಹೇಳಿಕೊಂಡೆ. ಅವರು ಅಭ್ಯಾಸಬಲದಿಂದ ಹೂಂಗುಟ್ಟಿ, ಆಮೇಲೆ ಯಾರನ್ನು ಬೈಯುತ್ತಿದ್ದೇವೆ ಎಂಬುದು ತಿಳಿಯದೆ ಎದ್ದು ಹೋದರು.

ದಾಖಲೆಗಳನ್ನು ಹೊಂದಿಸಲು ಎರಡು ದಿನ ಹಿಡಿಯಿತು. ಹುದ್ದೆ ಖಾಲಿಯಿದೆ ಎಂದು ನಾನು ದೃಢೀಕರಿಸಿದೆ. ನನ್ನ ದೃಢೀಕರಣ ನನ್ನದೇ ಎಂದು ಮತ್ತೊಂದು ದೃಢೀಕರಣ ಬೇಕಾಯಿತು. ಎಲ್ಲವನ್ನೂ ಪಿನ್ನು ಹಾಕಿ ಗುರುವಾರ ಸಂಜೆ ಮರುಸಲ್ಲಿಸಿದೆ. ಶುಕ್ರವಾರವಿಡೀ ಮೇಲಿನವರಿಂದ ಉತ್ತರ ಬರಲಿಲ್ಲ. ಅವರು ಸಮಾಜ ವಿಜ್ಞಾನದ ಕಿರುಪರೀಕ್ಷೆಯ ಉತ್ತರಪತ್ರಿಕೆ ತಿದ್ದುವುದರಲ್ಲಿದ್ದರು. ಭಾವನ ಸಲಹೆ ಕೇಳಿದೆ. "ನೆನಪೋಲೆ ಕಳಿಸಿ. ಕೈಯಲ್ಲಿ ಕೊಟ್ರೆ ಬೆಲೆ ಇರಲ್ಲ. ರಿಜಿಸ್ಟರ್ ಮಾಡಿ," ಎಂದರು. ಮಾಡಿದೆ.

ಅದು ಶನಿವಾರ ಮಧ್ಯಾಹ್ನ ತಲುಪಿತು. ಶಾಲೆಗೆ ಬೀಗ ಬಿದ್ದಿದ್ದರಿಂದ ಅಂಚೆಯವನು ಮನೆಗೇ ತಂದ. ಚಪ್ಪಲಿ ಬಿಟ್ಟು ಒಳಗೆ ಬಂದು ಕುರ್ಚಿಯಲ್ಲಿ ಕೂತು ನೀರು ಕೇಳಿದ.

"ಮೇಷ್ಟ್ರೇ, ಕಳಿಸಿದವರೂ ನೀವೇ, ತಗೊಳ್ಳೋರೂ ನೀವೇ. ಅದಕ್ಕೆ ನಾನೇನೂ ಅನ್ನಲ್ಲ. ಆದ್ರೆ ತಲುಪಿದೆ ಅಂತ ನೀವು ಸೈನ್ ಮಾಡಿದ ಚೀಟಿನ ಮತ್ತೆ ಕಳಿಸಿದವರಿಗೆ ತಂದು ಕೊಡ್ಬೇಕು ನಾನು. ಅಂದ್ರೆ ನಿಮಗೇ. ನನಗೆ ಮಂಡಿನೋವು. ಈ ಮೆಟ್ಟಿಲು ಹತ್ತಿಸಬೇಡಿ, ಈಗಲೇ ಎರಡೂ ಮುಗಿಸಿಬಿಡಿ."

"ನಿಯಮದ ಪ್ರಕಾರ ಅದು ಸೋಮವಾರ ಬರ್ಬೇಕು," ಎಂದೆ.

ಅವನು ನನ್ನಾಕೆಯ ಕಡೆ ನೋಡಿದ. ಅವಳು ತಲೆ ತಗ್ಗಿಸಿ ಲೋಟ ತೆಗೆದುಕೊಂಡು ಒಳಗೆ ಹೋದಳು. ಊರಿನಲ್ಲಿ ಸುದ್ದಿ ಹರಡಲು ಅಂಚೆಯವನಿಗಿಂತ ಅನುಕೂಲ ಯಾರಿಗಿದೆ? ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ನಮ್ಮಕ್ಕ ಮೊದಲ ಬಸ್ಸು ಹಿಡಿದು ಬಂದಳು. ಬಂದವಳೇ ನನ್ನ ಹಣೆ ಮುಟ್ಟಿ ನೋಡಿದಳು.

"ಜ್ವರ ಇಲ್ಲ," ಎಂದಳು ನನ್ನಾಕೆಗೆ. ಆಮೇಲೆ ನನ್ನ ಪಕ್ಕ ಕೂತು ಮೆಲ್ಲಗೆ, "ಏನೋ ಇದು. ನಿನಗೆ ನೀನೇ ಕಾಗದ ಬರ್ಕೋತೀಯಂತೆ. ಹೋಗ್ಲಿ, ಬರ್ಕೋ, ಒಂಟಿತನಕ್ಕೆ ಎಷ್ಟೋ ಜನ ಬರ್ಕೋತಾರೆ. ಆದ್ರೆ ನಿನಗೆ ನೀನೇ ಆಗಲ್ಲ ಅಂತ ಉತ್ತರ ಕೊಡ್ತೀಯಂತಲ್ಲೋ. ಕೇಳ್ತಿರೋನು ನನ್ನ ತಮ್ಮ ಅನ್ನೋ ಮರ್ಯಾದೆಗಾದ್ರೂ ಹೂಂ ಅನ್ಬಾರ್ದಾ?"

"ಅದು ನಾನಲ್ಲಕ್ಕ, ಮುಖ್ಯಸ್ಥರು."

ಅಕ್ಕ ಸೆರಗಿನಿಂದ ಕಣ್ಣೊರೆಸಿಕೊಂಡಳು. "ಚಿಕ್ಕವನಿದ್ದಾಗ್ಲೂ ಹೀಗೇ. ಅಮ್ಮ ಕೈಗೆ ತಿಂಡಿ ಕೊಟ್ರೂ, ತಿನ್ನಲಾ ಅಂತ ಕೇಳ್ತಿದ್ದ," ಎಂದು ನನ್ನಾಕೆಗೆ ಹೇಳಿ, ನರರೋಗದ ಡಾಕ್ಟರೊಬ್ಬರ ವಿಳಾಸ ಕೊಟ್ಟು ಮಧ್ಯಾಹ್ನದ ಬಸ್ಸಿಗೆ ಹೊರಟಳು.

ಸೋಮವಾರ ಎರಡನೇ ಆಕ್ಷೇಪಣೆ ಹಾಕಿದೆ. ಪಿನ್ನು ಎಡಗಡೆ ಹಾಕಬೇಕಿತ್ತು, ಬಲಗಡೆ ಹಾಕಿದ್ದರು. ಮಂಗಳವಾರ ಸರಿಪಡಿಸಿ ಕಳಿಸಿದೆ. ಬುಧವಾರ ಬೆಳಿಗ್ಗೆ ಮಂಜೂರು ಮಾಡಿಬಿಡುವುದೆಂದೇ ಹಸಿರು ಪೆನ್ನಿನ ಮುಚ್ಚಳ ತೆಗೆದಿದ್ದೆ. ಆಗ ಮೇಲಿನ ಕಚೇರಿಯ ಸಾಹೇಬರ ಜೀಪು ಬಂತು. ಡ್ರಿಲ್ ಮೇಷ್ಟ್ರು ಆರು ವರ್ಷದ ಅಭ್ಯಾಸ ಬಿಡಲಾಗದೆ ನನ್ನ ಮೇಲೆಯೇ ಒಂದು ದೂರು ಬರೆದಿದ್ದರು. ಮುಖ್ಯಸ್ಥರಿಗೂ ಪ್ರಭಾರ ಮುಖ್ಯೋಪಾಧ್ಯಾಯರಿಗೂ ಹೊಂದಾಣಿಕೆಯಿಲ್ಲದೆ ಶಾಲೆಯ ಕೆಲಸ ಕೆಡುತ್ತಿದೆ ಎಂದು.

ಸಾಹೇಬರು ಒಳಗೆ ಬಂದು, ಎರಡು ಮೇಜನ್ನೂ ನೋಡಿ, ಯಾವುದಕ್ಕೆ ಕೂರಬೇಕೆಂದು ತಿಳಿಯದೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಫ್ಯಾನಿನ ಕೆಳಗೆ ಕೂತು ಕಡತ ಕೇಳಿದರು. ಮೊದಲ ಪತ್ರ, ಷರಾ, ದೃಢೀಕರಣ, ದೃಢೀಕರಣದ ದೃಢೀಕರಣ, ನೆನಪೋಲೆ, ಅಂಚೆಯ ಚೀಟಿ. ಒಂದೊಂದು ಹಾಳೆಯನ್ನೂ ಬೆರಳು ಒದ್ದೆ ಮಾಡಿಕೊಂಡು ತಿರುವಿದರು. ಕೊನೆಯ ಹಾಳೆ ಮುಗಿದ ಮೇಲೆ ಅವರು ಕನ್ನಡಕ ತೆಗೆದರು. ಕಣ್ಣು ತೇವವಾಗಿತ್ತು.

"ಆ ಆದೇಶ ಬಂದಾಗಿನಿಂದ ನಮ್ಮಲ್ಲಿ ಟಪಾಲೇ ಇಲ್ಲ ಮೇಷ್ಟ್ರೇ," ಎಂದರು. "ಯಾರೂ ಏನೂ ಕೇಳಲ್ಲ. ಹದಿನೇಳು ಜನ ಸಿಬ್ಬಂದಿ ಬೆಳಿಗ್ಗೆ ಬಂದು ಮೇಜು ಒರೆಸಿ ಕೂತಿರ್ತಾರೆ. ನೋಡಿದ್ರೆ ಹೊಟ್ಟೆ ಉರಿಯುತ್ತೆ. ಸ್ವಾತಂತ್ರ್ಯ ಕೊಟ್ರೆ ಎಲ್ಲರೂ ಕೆಡ್ತಾರೆ ಅಂದ್ಕೊಂಡಿದ್ದೆ. ನೀವೊಬ್ಬರು ಕೆಡಲಿಲ್ಲ."

ನನ್ನ ಸೇವೆಯಲ್ಲಿ ಮೇಲಧಿಕಾರಿಯ ಬಾಯಿಂದ ನಾನು ಕೇಳಿದ ಮೊದಲ ಮೆಚ್ಚುಗೆ ಅದು. ಅಷ್ಟರಲ್ಲಿ ಗಣಿತದ ಮೇಡಂ ನೋಟ್‌ಬುಕ್ಕುಗಳ ರಾಶಿ ಹೊತ್ತುಕೊಂಡು ಬಾಗಿಲ ಮುಂದೆ ಹಾದುಹೋದರು.

"ಇವರ ಕಡತಾನೇ ಸಾರ್ ಅದು. ಇವತ್ತು ಮಂಜೂರು ಮಾಡೋಣ ಅಂತಿದ್ದೆ. ಶನಿವಾರದ ಒಳಗೆ ಆಗ್ಬೇಕು," ಎಂದೆ.

"ಮಾಡಿ, ಮಾಡಿ. ಆದ್ರೆ ಎರಡೇ ಆಕ್ಷೇಪಣೆ ಇದೆಯಲ್ಲ. ಮೂರಿದ್ರೆ ಕಡತಕ್ಕೆ ಒಂದು ತೂಕ. ನಾನಿದನ್ನ ಮಾದರಿ ಅಂತ ತಗೊಂಡು ಹೋಗೋನು. ಇನ್ನೊಂದು ಹಾಕಿಬಿಡಿ, ನನ್ನ ಮಾತಿಗೆ."

ಸಾಹೇಬರು ಬಾಯಿಬಿಟ್ಟು ಕೇಳಿದ್ದನ್ನು ಇಲ್ಲವೆನ್ನುವುದು ಹೇಗೆ? ಅವರೆದುರೇ ಮೂರನೆಯದನ್ನು ಹಾಕಿದೆ. ಕಡತದ ಹೊದಿಕೆ ಹಳದಿಯಿರಬೇಕು, ಕಂದು ಇದೆ ಎಂದು. ಅವರು ಎಲ್ಲದರ ಪ್ರತಿ ತೆಗೆಸಿಕೊಂಡು, ನನ್ನ ಎರಡೂ ಕೈ ಹಿಡಿದು ಕುಲುಕಿ ಹೋದರು. ಹಳದಿ ಹೊದಿಕೆ ಪೇಟೆಯ ಅಂಗಡಿಯಲ್ಲಿ ಶುಕ್ರವಾರ ಸಂಜೆ ಸಿಕ್ಕಿತು.

ಶನಿವಾರ ಅರ್ಧ ದಿನದ ಶಾಲೆ. ಗಂಟೆಯಾದ ಮೇಲೆ ಮೇಡಂ ಬಂದು ಎರಡು ಮೇಜುಗಳ ನಡುವೆ ನಿಂತರು. ನಾನು ಬಾಗಿಲ ಬಳಿಯ ಮೇಜಿನಲ್ಲಿದ್ದೆ.

"ಸರ್, ಇವತ್ತು ಶನಿವಾರ."

"ಗೊತ್ತಮ್ಮ. ನನ್ನ ಕೈಲಾದದ್ದನ್ನೆಲ್ಲ ಮಾಡಿದ್ದೀನಿ. ಹಳದಿ ಹೊದಿಕೆನೂ ಹಾಕಿದ್ದೀನಿ. ಇನ್ನು ಆ ಮೇಜಿಂದ ಬರ್ಬೇಕು."

ಮೇಡಂ ತಿರುಗಿ ಆ ಮೇಜನ್ನು ನೋಡಿದರು. ಟವೆಲ್ಲು ಹೊದ್ದ ಖಾಲಿ ಕುರ್ಚಿ, ಮೇಲೆ ತಿರುಗುತ್ತಿದ್ದ ಫ್ಯಾನು.

"ಅಲ್ಲಿ ಯಾರು ಸರ್ ಕೂರೋದು?"

"ನಾನೇ."

"ಈಗ ಒಂದು ನಿಮಿಷ ಅಲ್ಲಿ ಕೂತ್ಕೋತೀರಾ ಸರ್?"

"ಕೂತ್ಕೋಬಹುದು. ಆದ್ರೆ ಕಡತ ಇನ್ನೂ ಅಲ್ಲಿಗೆ ಹೋಗಿಲ್ವಲ್ಲ. ಗಂಟೆಯಣ್ಣ ತಗೊಂಡು ಹೋಗ್ಬೇಕು. ಅವನು ಇವತ್ತು ಗಂಟೆ ಹೊಡೆದವನೇ ಹೋದ, ಮೊಮ್ಮಗೂಗೆ ಹುಷಾರಿಲ್ವಂತೆ."

ಕಡತ ನನ್ನ ಕೈಯಲ್ಲಿತ್ತು. ಆ ಮೇಜು ನಾಲ್ಕು ಹೆಜ್ಜೆ ದೂರದಲ್ಲಿತ್ತು. ಮೇಡಂ ಕಡತವನ್ನು ನೋಡಿದರು, ನನ್ನನ್ನು ನೋಡಿದರು. ನಗಲಿಲ್ಲ, ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಸಿಟ್ಟು ಮಾಡಿದ್ದರೆ ನನಗೆ ಬುದ್ಧಿ ಬರುತ್ತಿತ್ತೋ ಏನೋ.

"ಸೋಮವಾರ ತ್ರಿಕೋನಮಿತಿ ಶುರು ಮಾಡ್ತೀನಿ ಅಂತ ಮಕ್ಕಳಿಗೆ ಹೇಳಿದ್ದೆ," ಎಂದರು. ಹಾಜರಿ ಪುಸ್ತಕವನ್ನು ನನ್ನ ಮೇಜಿನ ಮೇಲಿಟ್ಟು, "ಬರ್ತೀನಿ ಸರ್," ಎಂದು ಹೊರಟರು. ಹೋಗುವವರು ಬರ್ತೀನಿ ಎನ್ನುವುದು ನಮ್ಮ ಮಾತಿನ ರೂಢಿ. ನಾನು ಮಾತ್ರ ಸೋಮವಾರ ಬರುತ್ತಾರೆಂದೇ ತಿಳಿದು ನೆಮ್ಮದಿಯಾಗಿ ಮನೆಗೆ ಹೋದೆ.

ಸೋಮವಾರ ಬೆಳಿಗ್ಗೆ ಗಂಟೆಯಣ್ಣ ಕಡತವನ್ನು ನಾಲ್ಕು ಹೆಜ್ಜೆ ಹೊತ್ತುಕೊಂಡು ಬಂದ. ಈ ಸಲ ಒಂದು ತಪ್ಪೂ ಇರಲಿಲ್ಲ. 'ಮಂಜೂರು ಮಾಡಲಾಗಿದೆ' ಎಂದು ಬರೆದು, ಹಸಿರು ಶಾಯಿಯಲ್ಲಿ ಸಹಿ ಹಾಕಿದೆ. ಆದೇಶ ತಯಾರಾಯಿತು. 'ಉಲ್ಲೇಖ'ದ ಮುಂದೆ ಏಳು ಪತ್ರಗಳ ಸಂಖ್ಯೆ ಸಾಲಾಗಿ ನಿಂತಿತ್ತು. ಮೇಡಂ ಅವರನ್ನು ಕರೆದು ತಾ ಎಂದೆ. ಗಂಟೆಯಣ್ಣ ಅಲುಗಾಡಲಿಲ್ಲ.

"ಅವರು ಆಚೆ ರಸ್ತೆ ಸ್ಕೂಲಿಗೆ ಹೋಗ್ತಿದ್ರು ಸಾರ್. ಬರ್ತಾ ದಾರೀಲಿ ಸಿಕ್ಕಿದ್ರು."

ನಾನೇ ಹೊರಟೆ. ಶಾಲೆಯ ವೇಳೆಯಲ್ಲಿ ಚಲನವಲನ ಪುಸ್ತಕದಲ್ಲಿ ಬರೆಯದೆ ನಾನು ಗೇಟು ದಾಟಿದ್ದು ಅದೇ ಮೊದಲು. ಆ ಶಾಲೆಯ ಕಾವಲುಗಾರ ನನ್ನನ್ನು ಗೇಟಿನ ಪಕ್ಕದ ಬೆಂಚಿನ ಮೇಲೆ ಕೂರಿಸಿದ. ಮೇಲಿನ ಮಹಡಿಯ ಯಾವುದೋ ಕಿಟಕಿಯಿಂದ ಮೇಡಂ ಧ್ವನಿ ಕೇಳುತ್ತಿತ್ತು. ಕೋನ, ಎದುರಿನ ಬಾಹು, ವಿಕರ್ಣ. ತ್ರಿಕೋನಮಿತಿಯೇ ಇರಬೇಕು. ಇದು ನಮ್ಮ ಮಕ್ಕಳಿಗೆ ಸೇರಿದ ಪಾಠ ಎಂದು ಎದ್ದು ಕೂಗಿಬಿಡೋಣ ಅನ್ನಿಸಿತು.

ಬಿಡುವಿನಲ್ಲಿ ಅವರು ಕೆಳಗೆ ಬಂದರು. ಬೆರಳಿಗೆ ಸೀಮೆಸುಣ್ಣ ಮೆತ್ತಿತ್ತು. ನಾನು ಎದ್ದು ನಿಂತು ಆದೇಶ ಕೊಟ್ಟೆ. ಅವರು ಮೊದಲಿನಿಂದ ಕೊನೆಯವರೆಗೆ ನಿಧಾನವಾಗಿ ಓದಿದರು.

"ಒಂದೂ ತಪ್ಪಿಲ್ಲ ಸರ್ ಇದರಲ್ಲಿ."

"ಮೂರು ಆಕ್ಷೇಪಣೆ ದಾಟಿ ಬಂದದ್ದಮ್ಮ."

"ಇವರಿಗೆ ಮಾತು ಕೊಟ್ಟಾಗಿದೆ ಸರ್. ಮಧ್ಯದಲ್ಲಿ ಬಿಟ್ಟು ಬರಕ್ಕಾಗಲ್ಲ. ಇಲ್ಲೂ ಮಕ್ಕಳೇ ತಾನೇ ಇರೋದು."

ಅವರು ಹೇಳಿದ್ದು ನ್ಯಾಯವೇ. "ಇಲ್ಲಿ ಎಷ್ಟು ದಿನ ತಗೊಂಡ್ರು?" ಎಂದು ಕೇಳಿದೆ.

"ಬೋರ್ಡ್ ಮೇಲೆ ಒಂದು ಲೆಕ್ಕ ಕೊಟ್ರು. ಮಾಡ್ದೆ. ಸೋಮವಾರದಿಂದ ಬನ್ನಿ ಅಂದ್ರು." ಆಮೇಲೆ ಕಾಗದವನ್ನು ಮಡಿಸುತ್ತ, "ಇದನ್ನ ನಾನು ಇಟ್ಕೊಳ್ಲಾ ಸರ್? ತುಂಬಾ ಕಾದಿದ್ದೆ ಇದಕ್ಕೆ," ಎಂದರು.

ತಲೆಯಾಡಿಸಿದೆ. ವಾಪಸ್ ಬರುವ ದಾರಿಯುದ್ದಕ್ಕೂ ನನ್ನ ಮೇಲೆ ನನಗೇ ಎಂಥ ಸಿಟ್ಟು ಬಂತೆಂದರೆ, ಆ ಟವೆಲ್ಲು ಹೊದ್ದ ಕುರ್ಚಿಯಲ್ಲಿ ಯಾರಾದರೂ ಕೂತಿದ್ದರೆ ಕೊರಳಪಟ್ಟಿ ಹಿಡಿದು ಎಳೆಯುತ್ತಿದ್ದೆ. ಶಾಲೆಗೆ ಬಂದವನೇ ಎರಡನೇ ಮೇಜಿನ ಒಂದು ಕಡೆ ಗಂಟೆಯಣ್ಣನಿಗೆ ಹಿಡಿಸಿ, ಇನ್ನೊಂದು ಕಡೆ ನಾನೇ ಹಿಡಿದು, ಪ್ರಯೋಗಶಾಲೆಗೆ ಹಾಕಿಬಂದೆ. ಊರಿನಲ್ಲಿ ಗಣಿತ ಓದಿ ಕೆಲಸವಿಲ್ಲದೆ ಕೂತವರು ಇಬ್ಬರು ಮೂವರಾದರೂ ಇದ್ದರು. ಇವತ್ತೇ ಕರೆಸಬೇಕು. ಬೋರ್ಡಿನ ಮೇಲೆ ಲೆಕ್ಕ ಕೊಡಬೇಕು. ಮಾಡಿದವರಿಗೆ ನಾಳೆ ಬನ್ನಿ ಎನ್ನಬೇಕು. ಉಲ್ಲೇಖ ಹಾಳಾಗಿಹೋಗಲಿ.

ಹತ್ತನೇ ತರಗತಿಯಲ್ಲಿ ಆಗ ಗಣಿತದ ಪೀರಿಯಡ್ಡು. ನಾನು ಒಳಗೆ ಹೋದಾಗ ನಲವತ್ಮೂರು ಜನರೂ ಎದ್ದು ನಿಂತರು. ನನ್ನನ್ನು ಕಂಡು ಕೆಲವರು ಸಮಾಜ ವಿಜ್ಞಾನದ ಪುಸ್ತಕಕ್ಕೆ ಕೈಹಾಕಿದರು. ಮುಂದಿನ ಬೆಂಚಿನ ಎರಡು ಜಡೆಯ ಹುಡುಗಿ ಕೇಳಿದಳು.

"ಸರ್, ಗಣಿತದ ಮೇಡಂ ಯಾವಾಗ ಬರ್ತಾರೆ?"

"ಅವರು ಬರಲ್ಲಮ್ಮ. ತಡ ಮಾಡಿದ್ದು ನಾನು. ಅವರದೇನೂ ತಪ್ಪಿಲ್ಲ."

ಹಿಂದಿನ ಬೆಂಚಿನಲ್ಲಿ ಯಾರೋ ಮೂಗು ಸೀಟಿದರು.

"ಆದ್ರೆ ಇನ್ನೊಬ್ಬರನ್ನ ತಗೋತೀನಿ," ಎಂದೆ. "ಇವತ್ತೇ ತಗೋತೀನಿ. ಪರೀಕ್ಷೆಗೆ ಇನ್ನೂ ಟೈಮಿದೆ, ನೀವು ಹೆದರ್ಬೇಡಿ. ಈ ಸಲ ಯಾರನ್ನೂ ಕೇಳೋದಿಲ್ಲ."

ಬಾಗಿಲಲ್ಲಿ ಗಂಟೆಯಣ್ಣ ಒಂದು ಲಕೋಟೆ ಹಿಡಿದು ನಿಂತಿದ್ದ. ಮೇಲಿನ ಕಚೇರಿಯದು, ರಿಜಿಸ್ಟರ್ಡ್. ಬುಧವಾರ ಬಂದುಹೋದವರಿಂದ ಸೋಮವಾರಕ್ಕೆಲ್ಲ ಕಾಗದ. ಆ ಕಚೇರಿ ಅಷ್ಟು ಚುರುಕಾಗಿ ಕೆಲಸ ಮಾಡಿದ್ದನ್ನು ನನ್ನ ಸೇವೆಯಲ್ಲಿ ನಾನು ಕಂಡಿರಲಿಲ್ಲ. ನಿಂತಲ್ಲೇ ಒಡೆದೆ. ಎಲ್ಲ ಸ್ವಾಯತ್ತ ಪ್ರೌಢಶಾಲೆಗಳಿಗೂ ಹೊರಡಿಸಿದ ಸುತ್ತೋಲೆ. ಇನ್ನು ಮುಂದೆ ಪ್ರತಿಯೊಂದು ಶಾಲೆಯೂ ಎರಡು ಮೇಜುಗಳನ್ನು ಕಡ್ಡಾಯವಾಗಿ ಇಡತಕ್ಕದ್ದು. ಮುಖ್ಯಸ್ಥರು ತಮ್ಮ ಕೋರಿಕೆಯನ್ನು ತಮಗೇ ಲಿಖಿತವಾಗಿ ಸಲ್ಲಿಸಿ, ಮೂರು ಆಕ್ಷೇಪಣೆಗಳಿಗೆ ಕಡಿಮೆಯಿಲ್ಲದಂತೆ ಪರಿಶೀಲಿಸಿ, ತದನಂತರವೇ ನಿರ್ಧಾರ ಕೈಗೊಳ್ಳತಕ್ಕದ್ದು. ಕಡತದ ಪ್ರತಿಯನ್ನು ಈ ಕಚೇರಿಗೆ ಸಲ್ಲಿಸತಕ್ಕದ್ದು. ತಪ್ಪಿದ ಶಾಲೆಯ ಅನುದಾನವನ್ನು ಹಿಂಪಡೆಯಲಾಗುವುದು. ಕೆಳಗೆ, ಈ ಮಾದರಿ ಪದ್ಧತಿಯನ್ನು ರೂಪಿಸಿದವರೆಂದು ನನ್ನ ಹುದ್ದೆಯನ್ನೂ ನಮ್ಮ ಶಾಲೆಯನ್ನೂ ದಪ್ಪಕ್ಷರದಲ್ಲಿ ಅಚ್ಚು ಹಾಕಿ, ಅಭಿನಂದನೆ ತಿಳಿಸಿದ್ದರು.

ಎರಡನೇ ಸಲ ಓದಲು ಕಣ್ಣು ಮಂಜಾಯಿತು. ನನ್ನೊಂದು ಶಾಲೆಯ ಮಕ್ಕಳನ್ನು ಮಾತ್ರ ಕೆಡಿಸಿದೆ ಅಂದುಕೊಂಡಿದ್ದೆ.

"ಏನಾಯ್ತು ಸರ್?" ಎಂದಳು ಹುಡುಗಿ.

"ಇವತ್ತು ಆಗಲ್ಲಮ್ಮ."

"ಯಾರು ಬೇಡ ಅಂದ್ರು ಸರ್?"

ಇಂಥ ಪ್ರಶ್ನೆಗೆ ನಾನು ಸೇವೆಯುದ್ದಕ್ಕೂ ಬೆರಳನ್ನು ಸೂರಿನ ಕಡೆ ತೋರಿಸಿ ಬಚಾವಾದವನು. ಈಗಲೂ ಬೆರಳು ಅರ್ಧ ಎದ್ದಿತ್ತು. ಕೈಯಲ್ಲಿದ್ದ ಸುತ್ತೋಲೆಯನ್ನು ನೋಡಿ ಇಳಿಸಿಕೊಂಡೆ.

"ನಾನೇ," ಎಂದೆ.

ಅವಳಿಗೆ ಅರ್ಥವಾಗಲಿಲ್ಲ. ಹುಬ್ಬು ಗಂಟುಹಾಕಿ ಸ್ವಲ್ಪ ಹೊತ್ತು ನನ್ನ ಮುಖವನ್ನೇ ನೋಡಿದಳು.

"ಹಾಗಾದ್ರೆ ನೀವೇ ಹೂಂ ಅನ್ನಿ ಸರ್."

ನಾನು ಸುತ್ತೋಲೆಯನ್ನು ಮಡಿಸಿದೆ, ಮತ್ತೆ ಬಿಚ್ಚಿದೆ. ನಲವತ್ಮೂರು ಮಕ್ಕಳೂ ನನ್ನನ್ನೇ ನೋಡುತ್ತಿದ್ದರು. ಅವರೆಲ್ಲ ಇನ್ನೂ ನಿಂತೇ ಇದ್ದಾರೆ, ಕೂತ್ಕೊಳ್ಳಿ ಎಂದು ನಾನು ಹೇಳೇ ಇಲ್ಲ ಎಂಬುದು ಆಗ ಗಮನಕ್ಕೆ ಬಂತು.